ಎಂಟು ಅಕ್ಷರದ ಅಡಿಟಿಪ್ಪಣಿ

ಮೈಸೂರು, ಮೇಟಗಳ್ಳಿಯ ಕಂಪ್ಯೂಟರ್ ಕೇಂದ್ರ. ರಾತ್ರಿ ಹನ್ನೊಂದೂವರೆ.
ಗಾಜಿನಾಚೆ ಮೇನ್‌ಫ್ರೇಮು
ಹಿಟ್ಟಿನ ಗಿರಣಿಯ ಹಾಗೆ ಒಂದೇ ಶ್ರುತಿಯಲ್ಲಿ ಗುಂಯ್ಗುಡುತ್ತಿದೆ.
ಬೆಳಿಗ್ಗೆ ಹತ್ತಕ್ಕೆ ಬೋಪಯ್ಯನವರ ಮೇಜಿನ ಮೇಲೆ
ಒಂದು ತಿಂಗಳ ಗ್ರಾಫು ಇರಬೇಕು:
ಈ ಯಂತ್ರಕ್ಕೆ ಕೆಲಸ ಇದೆಯೋ, ಇಲ್ಲವೋ.
ಇದ್ದರೆ ಉಳಿಯುತ್ತದೆ. ಇಲ್ಲದಿದ್ದರೆ ಲಾರಿ ಬರುತ್ತದೆ.

ಗ್ರಾಫು ತಾನಾಗಿ ಬರುವುದಿಲ್ಲ.
ಮೊದಲು ಹಸಿರು ಅಕ್ಷರದಲ್ಲಿ ಪ್ರಶ್ನೆಗಳು ಬರುತ್ತವೆ,
ಹೆಣ್ಣು ನೋಡಲು ಬಂದವರ ಹಾಗೆ, ಒಂದಾದ ಮೇಲೊಂದು.
ಎಲ್ಲಿಂದ ಎಲ್ಲಿಗೆ? ಒಂದರಿಂದ ಮೂವತ್ತು.
ಭಾನುವಾರ ಸೇರಿಸಲೇ?
ಸೇರಿಸಿದರೆ ಗೆರೆ ಸೊರಗುತ್ತದೆ, ಬಿಟ್ಟರೆ ಮೈತುಂಬಿಕೊಳ್ಳುತ್ತದೆ.
ಎಷ್ಟು ಹೊತ್ತಿಗೊಂದು ಚುಕ್ಕಿ?
ಗಂಟೆಗೊಂದು ಅಂದೆ. ನಲವತ್ತರ ಆಸುಪಾಸು
ಊಟವಾದ ಮೇಲಿನ ತಾಲೂಕು ಕಚೇರಿಯಂತೆ
ತಣ್ಣಗೆ ಮಲಗಿತು ಗೆರೆ.
ಐದು ನಿಮಿಷಕ್ಕೊಂದು ಅಂದೆ.
ಒಂದನೇ ತಾರೀಖು ನಸುಕಿನ ಎರಡೂಕಾಲಿಗೆ
ತೊಂಬತ್ತೆಂಟಕ್ಕೆ ನೆಗೆಯಿತು:
ಪಿಂಚಣಿ.
ಹುಣಸೂರಿನ, ನಾಗಮಂಗಲದ, ಕೊಳ್ಳೇಗಾಲದ
ನಿವೃತ್ತ ಮೇಷ್ಟರುಗಳು ಗೊರಕೆಯಲ್ಲಿರುವಾಗ
ಅವರ ಪಾಸ್‌ಬುಕ್ಕುಗಳು ಒಟ್ಟಿಗೆ ಏದುಸಿರು ಬಿಟ್ಟ ಹೊತ್ತು.
ಗಂಟೆಯ ಸರಾಸರಿ ಅದನ್ನು
ಮಗುವಿನ ಬಾಯಿ ಒರೆಸಿದಂತೆ ಒರೆಸಿಬಿಟ್ಟಿತ್ತು.
ಐದನ್ನೇ ಉಳಿಸಿದೆ.

ನಿಂತ ಗೆರೆ ಎಲ್ಲಿಂದ ಶುರು? ಸೊನ್ನೆಯಿಂದಲೋ?
ಇಲ್ಲಿ ಕೈ ತಡೆಯಿತು.
ಬೋರಯ್ಯ ಮಾವ ಕನ್ನಂಬಾಡಿ ಕಟ್ಟೆಯಲ್ಲಿ
ನೀರಿನ ಮಟ್ಟ ನೋಡಿ ಬರೆಯುತ್ತಿದ್ದವನು,
ದಿನಾ ಬೆಳಗ್ಗೆ ಆರಕ್ಕೆ, ಬೀಡಿ ಆರಿಸಿ, ಚಪ್ಪಲಿ ಬಿಟ್ಟು.
ನಮ್ಮ ಮಂಡ್ಯದ ಕಡೆ ಚಟ್ಟಕ್ಕೆ ಹೆಗಲು ಕೊಟ್ಟವನೂ
"ಕಟ್ಟೆ ಎಷ್ಟಾಯ್ತು?" ಅಂತ ಪಕ್ಕದವನನ್ನು ಕೇಳುತ್ತಾನೆ.
ಒಂದು ಬೇಸಿಗೆ ರಜೆಯಲ್ಲಿ ಚೌಕಳಿ ಹಾಳೆಯ ಮೇಲೆ
ಅವನ ಅಂಕಿಗಳನ್ನು ಗೆರೆಯೆಳೆದು ತೋರಿಸಿದೆ.
ಹಾಳೆ ಸಾಲದೆ ನೂರಡಿಯಿಂದ ಶುರುಮಾಡಿದ್ದೆ.
ಹಗ್ಗ ಹರಿದ ಕೊಡದ ಹಾಗೆ ನೀರು ತಳಕ್ಕೆ ಬಿದ್ದಿತ್ತು.
ಮಾವ ಹಾಳೆಯನ್ನು ದೂರ ಹಿಡಿದ, ಹತ್ತಿರ ಹಿಡಿದ.
"ಐದಡಿ ಇಳ್ದದೆ, ಅಷ್ಟೆಯ.
ನಿನ್ ಹಾಳೇಲಿ ಕಟ್ಟೆಯೇ ಒಡ್ದೋಗದಲ್ಲವ್ವ.
ನೀರು ಸುಳ್ಳೇಳಕಿಲ್ಲ ಕಣೆ, ಹಾಳೆ ಹೇಳ್ತದೆ."

ಸೊನ್ನೆ ಒತ್ತಿದೆ.

ಬಣ್ಣ? ಕೆಂಪು ಬೇಡ. ಬೋಪಯ್ಯನವರಿಗೆ ಬಿ.ಪಿ. ಇದೆ.
ಗೆರೆಯ ದಪ್ಪ? ಎರಡು.
ದಾಖಲೆ ಇಲ್ಲದ ಕಡೆ ಜೋಡಿಸಲೇ, ತೆರವು ಬಿಡಲೇ?

ಹದಿನೇಳನೇ ತಾರೀಖು, ಮೂರೂ ಹತ್ತರಿಂದ ಮೂರೂ ನಲವತ್ತು:
ಒಂದು ಅಂಕಿಯೂ ಇಲ್ಲ.
ರಾತ್ರಿಪಾಳಿಯ ಮರಿಮಾದಯ್ಯನನ್ನು ಕರೆದೆ.
ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, ಬಿಗಿ ಮಾಡುತ್ತ ನಿಂತ.
"ಬ್ಯಾಟರಿ ರೂಮಿಗೆ ಕೇರೆಹಾವು ಬಂದಿತ್ತು ಮೇಡಂ.
ತಂತಿ ಮೇಲೆ ಹೋದ್ರೆ ಸತ್ತೋಯ್ತಿತ್ತು.
ಆ ಕಡೆ ಲೈನ್ ಆಫ್ ಮಾಡ್ದೆ. ದಾಖಲೆ ಬರೆಯೋ ಡಿಸ್ಕು ಅದ್ರಲ್ಲೇ ಇದ್ದಿದ್ದು
ಆಮೇಲೆ ಗೊತ್ತಾಯ್ತು.
ಬಾಗಿಲು ತೆಗ್ದು, ಲೈಟ್ ಆರಿಸಿ, ಕುಂತ್ಕೊಂಡೆ.
ಅದ್ರ ಟೈಮಿಗೆ ಅದೇ ಹೋಯ್ತು."

ಜೋಡಿಸಿದ್ದರೆ ನುಣ್ಣಗಿರುತ್ತಿತ್ತು.
ಆ ಅರ್ಧ ಗಂಟೆಯೂ ಯಂತ್ರ ದುಡಿದೇ ಇತ್ತು,
ಯಾರೂ ಬರೆದುಕೊಳ್ಳಲಿಲ್ಲ.
ಅಂಥ ಅರ್ಧ ಗಂಟೆಗಳು ನನ್ನ ಸೇವಾಪುಸ್ತಕದಲ್ಲೂ ಇವೆ.
ತೆರವು ಬಿಟ್ಟೆ.

ಅಡಿಟಿಪ್ಪಣಿ? ಎಂಟೇ ಅಕ್ಷರ,
ಅದೂ ಇಂಗ್ಲಿಷಿನ ದೊಡ್ಡಕ್ಷರ.
ಕೆ, ಇ, ಆರ್, ಇ, ಎಚ್, ಎ, ವಿ, ಯು.
ಬೆರಳು ಮಡಚಿ ಎಣಿಸಿದೆ. ಸರಿಯಾಗಿ ಎಂಟು.
ಮೂವತ್ತು ವರ್ಷದ ನೌಕರಿಯಲ್ಲಿ
ಯಾವುದೂ ಇಷ್ಟು ಅಳತೆಗೆ ಕೂತಿರಲಿಲ್ಲ.

ಹತ್ತು ಗಂಟೆಗೆ ಬೋಪಯ್ಯನವರು ಕನ್ನಡಕ ಹಣೆಗೇರಿಸಿ
ಎರಡೂಕಾಲಿನ ಶಿಖರದ ಬಗ್ಗೆ ಏನೂ ಕೇಳಲಿಲ್ಲ,
ಲಾರಿಯ ಮಾತೂ ಎತ್ತಲಿಲ್ಲ.
ತೆರವಿನ ಕೆಳಗೆ ಪೆನ್ಸಿಲ್ ಇಟ್ಟು
ಒಂದನೇ ಕ್ಲಾಸಿನ ಹುಡುಗನಂತೆ ಕೂಡಿಸಿ ಓದಿದರು:
"ಕೆರೆ... ಹಾವು.
ಯಾವ ಕೆರೆ ವನಜಾಕ್ಷಿ,
ನಮ್ಮ ಹೆಬ್ಬಾಳದ್ದಾ?"