ಪ್ಯಾರಲ ಕಟಿಗಿ

ಬೇವು ಬ್ಯಾಡ, ಮೀನು ಕಹಿ ಆಗತೈತಿ.
ಜಾಲಿ ಹೊಗಿ ಕಣ್ಣಿಗೆ, ಬಾಯಿಗಲ್ಲ.
ಕೇಶ್ವಾಪುರದ ನಮ್ಮ ಹಿತ್ತಲದಾಗ
ಹೋದ ಮಳಿಗಾಲಕ್ಕ ವಾಲಿದ ಪ್ಯಾರಲ ಗಿಡ,
ನಾನೇ ಗರಗಸ ಹಾಕಿ ಕೊಯ್ದೆ.

ಮಾಳಿಗಿ ಮ್ಯಾಲೆ ನಾಕು ತಿಂಗಳ ಬಿಸಲು.
ಎರಡು ತುಂಡು ಬಡದು ನೋಡಬೇಕು:
ಥಪ್ ಅಂದ್ರ ಇನ್ನೂ ಹಸಿ,
ಟಣ್ ಅನ್ನೋತನಕ ತಡಿ, ಅಂತಿದ್ದ
ವರ್ಕ್‌ಶಾಪಿನ ಫಿಟ್ಟರ್ ಇಗ್ನೇಶಿಯಸ್ ಮಾಮಾ,
ಎಣ್ಣಿ ಡ್ರಮ್ಮಿಗೆ ಬಾಗಲಾ ಕೊರದು ಕೊಟ್ಟಾಂವ.

ಒಂದು ಕೊಂಬಿಯೊಳಗ ಗರಗಸ ಕಿರ್ ಅಂತು.
ಮೊಳಿ.
ಸುತ್ತ ಗಿಡ ಬೆಳದು ನುಂಗಿಬಿಟ್ಟಿತ್ತು.
ನನ್ನ ಜೋಲಿ ಕಟ್ಟಾಕ ಹೊಡದದ್ದೋ
ಅರಬಿ ಹಗ್ಗಕ್ಕೋ,
ಕೇಳೂಣಂದ್ರ ಅವ್ವ ಇಲ್ಲ.

ಸಂಜಿಗೆ ಮೀನು ಬೆಲ್ಲದ ಬಣ್ಣಕ್ಕ ಬಂದ್ವು.
ಆ ತುಂಡು ಮಾತ್ರ ಡ್ರಮ್ಮಿಗೆ ಹಾಕಲಿಲ್ಲ,
ಹಿತ್ತಲ ಬಾಗಲಕ್ಕ ಒತ್ತು ಕೊಟ್ಟೀನಿ.
ಗಾಳಿಗೆ ದಿನಾ ಬಡಕೊಳ್ಳತಿತ್ತು,
ಸುಮ್ಮಗಾತು.