ಇನ್ನೊಂದು ಸಲ ಒತ್ತಿ

ಸಿದ್ದಾಪುರದಲ್ಲಿ ಕೋಳಿ ಅಂಗಡಿಗೆ ತಾಗಿಕೊಂಡೇ ನನ್ನ ಮೇಜು.
ಬ್ಯಾಂಕಿನವರು ಕೊಟ್ಟ ಯಂತ್ರ, ಬೆಂಕಿಪೊಟ್ಟಣದಷ್ಟು,
ಹೊಟ್ಟೆಯಲ್ಲಿ ಕೆಂಪು ದೀಪ.
ಸಂತೆಯ ದಿನ. ಬೊಳಚಿಯಕ್ಕ ಬಂದಳು,
ಬೆರಳನ್ನು ಸೆರಗಿಗೆ ಒರೆಸಿ ಇಟ್ಟಳು.
ಗುರುತು ಸಿಗಲಿಲ್ಲ ಎಂದಿತು ಯಂತ್ರ.
ಇನ್ನೊಂದು ಸಲ ಒತ್ತಿ, ಎಂದೆ ನಾನು.

ರೊಬಸ್ಟಾ ಕೊಯ್ಲು ಶುರುವಾಗಿ ತಿಂಗಳು.
ಗೊಂಚಲು ಹಿಡಿದು ಎಳೆದೆಳೆದು
ಹೆಬ್ಬೆರಳ ಗೆರೆಗಳು ಸವೆದಿವೆ,
ಹೊಳೆಯ ಕಲ್ಲಿನ ಹಾಗೆ.
ತೋರುಬೆರಳೂ ಆಗಲಿಲ್ಲ, ನಡುಬೆರಳೂ ಆಗಲಿಲ್ಲ.
ಕೊನೆಗೆ ಎಡಗೈಯ ಕಿರುಬೆರಳನ್ನು ಒಪ್ಪಿಕೊಂಡಿತು:
ಬಾಕಿ ನಲವತ್ತೊಂದು ರೂಪಾಯಿ.

ನಕ್ಕಳು, ನಾನು ತಪ್ಪು ಓದಿದೆ ಎಂದುಕೊಂಡು.
ಆಮೇಲೆ ನಗಲಿಲ್ಲ.

ಒಂಬತ್ತು ಸಾವಿರದ ಆರುನೂರು.
ಮಂಗಳವಾರ ರಾತ್ರಿ ಹನ್ನೊಂದೂಕಾಲಿಗೆ
ನಾನು ಹೆಸರೂ ಕೇಳದ ಒಂದು ಊರಿನಲ್ಲಿ
ಇದೇ ಬೊಳಚಿಯ ಬಲಗೈ ಹೆಬ್ಬೆರಳು
ಒಂದೇ ಸಲಕ್ಕೆ ಒತ್ತಿ ಹಣ ತೆಗೆದಿದೆ.

"ಆ ರಾತ್ರಿ ಬೆರಳು ಇಲ್ಲೇ ಇತ್ತಲ್ಲ," ಎಂದಳು,
"ಮೊಮ್ಮಗಳು ಇದನ್ನೇ ಹಿಡಿದುಕೊಂಡು ಮಲಗುವುದು."

ಲೈನ್‌ಮನೆಗೆ ಆನೆ ಬಂದರೆ ಗೊತ್ತಾಗುತ್ತದೆ.
ಬೇಲಿ ಮಲಗಿರುತ್ತದೆ, ಬಾಳೆ ಮುರಿದಿರುತ್ತದೆ,
ಬೆಳಿಗ್ಗೆ ಲದ್ದಿಯಿಂದ ಹಬೆ.
ಇವನು ಬಂದುಹೋದದ್ದಕ್ಕೆ ಒಂದೇ ಒಂದು ಮೆಸೇಜು.
ಅದೂ ಹೋದದ್ದು ಹಳೆ ಮೇಸ್ತ್ರಿಯ ಫೋನಿಗೆ;
ಅವನು ತೋಟ ಬಿಟ್ಟು ಎರಡು ಮಳೆಗಾಲ.

ಯಾರಿಗೆಲ್ಲ ಬೆರಳು ಕೊಟ್ಟಿದ್ದಿರಿ, ನೆನಪು ಮಾಡಿ.
ರೇಷನ್ನಿಗೆ.
ಜಾಗದ ಕಾಗದಕ್ಕೆ; ಜಾಗ ಬರಲಿಲ್ಲ.
ಮರದ ಕೆಳಗೆ ಕೊಡೆ ಬಿಡಿಸಿ ಕೂತಿದ್ದ ಹುಡುಗರಿಗೆ,
ಒಂದು ಹಸಿರು ಬಕೆಟ್ ಕೊಟ್ಟರು, ಬಿಟ್ಟಿ.
"ಬರಲಿಲ್ಲ, ಇನ್ನೊಂದು ಸಲ ಒತ್ತಿ" ಅಂದರು,
ಐದು ಸಲ.
ನಿನ್ನ ಹಾಗೇ, ಎಂದಳು.

ನನ್ನ ಹಾಗೇ.
ಯಂತ್ರದ ಗಾಜಿನ ಮೇಲೆ ಅವಳ ಬೆರಳ ಜಿಡ್ಡು ಇನ್ನೂ ಇತ್ತು.
ಒರೆಸಿದೆ. ಮತ್ತೆ ಒರೆಸಿದೆ.

೧೯೩೦ಕ್ಕೆ ಫೋನು ಮಾಡಿದೆ, ದೂರು ಬರೆಸಿದೆ.
ಬೆರಳಿಗೆ ಬೀಗ ಹಾಕಿಸಬಹುದು ಎಂದೆ.
ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.
ಬೀಗಕ್ಕೆ ಆರಂಕಿಯ ಕೀಲಿಕೈ,
ಅದು ಬಂದು ಬೀಳಲು ಒಂದು ಫೋನು ಬೇಕು.
"ನಿನ್ನ ನಂಬರೇ ಹಾಕು ರಸಿಯಾ, ನೀನು ಓದಿದವಳು."

ಹಾಕಿಯೇ ಬಿಡುತ್ತಿದ್ದೆ.
ಹಳೆ ಮೇಸ್ತ್ರಿಗೂ ಇದೇ ದನಿಯಲ್ಲಿ ಹೇಳಿರಬೇಕು ಇವಳು.

ಶಟರ್ ಅರ್ಧ ಎಳೆದೆ.
ಬನ್ನಿ, ನಿಮ್ಮದೇ ಒಂದು ಸಿಮ್ ತರೋಣ.
ಅಲ್ಲೂ ಬೆರಳು ಕೇಳುತ್ತಾರೆ, ನನಗೆ ಗೊತ್ತು,
ಅವಳಿಗೆ ಹೇಳಲಿಲ್ಲ.
ಬಸ್‌ಸ್ಟ್ಯಾಂಡಿನ ತನಕ ಅವಳು
ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೇ ನಡೆದಳು.