ಗೆರೆಯ ದಪ್ಪ

ಓಬಳಪತಿ ಮೇಷ್ಟ್ರು ಕಡ್ಲೆಕಾಯಿ ಎಣ್ಣೆಯಲ್ಲಿ
ಬಟ್ಟೆ ಅದ್ದಿ ಹಾಳೆಗೆ ಸವರಿದರು.
ಅಡಿಯಲ್ಲಿದ್ದ ಅನಂತಪುರ ಜಿಲ್ಲೆ
ಮೆಲ್ಲಗೆ ಮೇಲಕ್ಕೆ ತೇಲಿ ಬಂತು,
ಬೆರಳಿಗೆಲ್ಲ ಒಗ್ಗರಣೆಯ ವಾಸನೆ.

ಹೆಸರುಗಳೆಲ್ಲ ತೆಲುಗು. ಓದಲು ತೊಡಕೇನಿಲ್ಲ,
ಅಕ್ಷರದ ಮೈ ಹೆಚ್ಚುಕಡಿಮೆ ಒಂದೇ, ತಲೆಕಟ್ಟು ಬೇರೆ:
ಗುಬ್ಬಚ್ಚಿ ಕೂತು ಎದ್ದು ಹೋದ ಗುರುತು.
ನೈರುತ್ಯದ ಮೂಲೆಗೆ ನಮ್ಮ ಮಡಕಶಿರಾ,
ಬೀಳಲೊಲ್ಲದ ಹಾಲುಹಲ್ಲಿನ ಹಾಗೆ
ಒಂದೇ ನರಕ್ಕೆ ತೂಗುತ್ತ.
ಪೆನ್ಸಿಲು ನಾಲಗೆಯಂತೆ ಹೋಗಿ ಹೋಗಿ ಅಲ್ಲೇ ತಾಗುವುದು.

ಶಾಲೆಯಲ್ಲಿ ಭೂಪಟ ತೂಗಿದ್ದು ದಕ್ಷಿಣದ ಗೋಡೆಗೆ.
ಆರು ತಿಂಗಳು ನಾನು ಉತ್ತರವೆಂದರೆ ಸೂರು ಅಂದುಕೊಂಡಿದ್ದೆ.
ಹಿಮಾಲಯಕ್ಕೆ ಏಣಿ ಬೇಕು,
ಕನ್ಯಾಕುಮಾರಿ ಕಸ ಗುಡಿಸುವಾಗ ಪೊರಕೆಗೆ ಸಿಗುತ್ತದೆ.

ಕುರಿ ಕಾಯುವ ಚಿತ್ತಯ್ಯ ಮಾವನಿಗೆ ತೋರಿಸಿದೆ.
ಓದು ಬಾರದವನು, ಹಾಳೆಯನ್ನು ನೆಲಕ್ಕೆ ಹಾಸಿದ.
ಬಂಡೆ ನೋಡಿದ, ಹೊತ್ತು ನೋಡಿದ,
ನಿದ್ದೆಯ ಮಗುವಿನ ತಲೆಯ ದಿಕ್ಕು ಬದಲಿಸುವ ಹಾಗೆ
ಕಾಗದವನ್ನು ಮೆಲ್ಲಗೆ ತಿರುಗಿಸಿದ.
ಉತ್ತರ ಉತ್ತರಕ್ಕೆ ಬಂತು.
'ಈಗ ಸರಿ. ದೊಣೆ ಎಲ್ಲಿ?' ಅಂದ.
ದೊಣೆ ಇರಲಿಲ್ಲ.
'ಜಾಲಿಕುಂಟೆ?' ಇಲ್ಲ.
'ನರಿ ಮರಿ ಹಾಕೋ ಗುಂಡು?'
'ಮಾವ, ಇದು ಜಿಲ್ಲೆದು.'
'ಹಂಗಾರೆ ಜಿಲ್ಲೇಲಿ ಯಾರಿಗೂ ಬಾಯಾರಿಕೆ ಆಗಲ್ವಾ?'

ಆಮೇಲೆ ಊರನ್ನು ಹೆಜ್ಜೆಯಲ್ಲಿ ಅಳೆದೆವು,
ನೂರು ಹೆಜ್ಜೆಗೆ ಒಂದು ಬೆರಳು.
ಪಂಪಿನ ಮನೆಯ ಹತ್ತಿರ ನಾಯಿ ಅಟ್ಟಿಸಿಕೊಂಡು ಬಂದು
ಹೆಜ್ಜೆ ಉದ್ದವಾದವು, ಬೀದಿ ಗಿಡ್ಡವಾಯಿತು.
ನನ್ನ ನಕ್ಷೆಯಲ್ಲಿ ಇಂದಿಗೂ ಆ ಬೀದಿ
ಭಯದಷ್ಟೇ ಉದ್ದ.

ಒಂದು ದಿನ ಮೇಷ್ಟ್ರು ಕೇಳಿದರು:
'ಒಂದು ಸೆಂಟಿಮೀಟರಿಗೆ ಐದು ಕಿಲೋಮೀಟರು.
ಗಡಿಯ ಗೆರೆ ಎಷ್ಟು ದಪ್ಪ ಎಳೆದಿದ್ದೀಯ?'
ಸ್ಕೇಲಿಟ್ಟೆ. ಒಂದು ಮಿಲಿಮೀಟರು.
'ಅಂದರೆ?'
ಬೆರಳು ಮಡಿಸಿ ಲೆಕ್ಕ ಹಾಕಿದೆ.
ಅರ್ಧ ಕಿಲೋಮೀಟರು.

ಅರ್ಧ ಕಿಲೋಮೀಟರಿನಲ್ಲಿ ಏನೇನಿಲ್ಲ!
ಗೆರೆಯೊಳಗೆ ಹುಣಸೆ ಮರ, ಗೆರೆಯೊಳಗೆ ರೇಷ್ಮೆಹುಳದ ಚಂದ್ರಂಕಿ,
ನಾವು ಈಗ ಕೂತಿರುವ ಈ ಮಣೆ,
ಈ ಪ್ರಶ್ನೆ, ಮೇಷ್ಟ್ರ ಕನ್ನಡಕ,
ಶಿರಾ ಕಡೆ ಬಾಗಿಲು, ಅಗಳಿ ಕಡೆ ಹಿತ್ತಲು ಇಟ್ಟುಕೊಂಡ
ಈರಬೊಮ್ಮತ್ತೆಯ ಮನೆ.
ಅವಳ ಕೋಳಿ ಗಡಿಕಲ್ಲಿನ ಮೇಲೆ ಕೂತು
ಮೈ ಕೊಡವುತ್ತದೆ.
ಇಷ್ಟು ದಿನ ಕರ್ನಾಟಕ ಆ ಕಡೆ, ಆಂಧ್ರ ಈ ಕಡೆ ಅನ್ನುತ್ತಿದ್ದೆ.
ನಾವಿದ್ದದ್ದು ಸೀಸದೊಳಗೆ.

ಬ್ಲೇಡಿನಲ್ಲಿ ಪೆನ್ಸಿಲು ಹೆರೆದೆ. ಮತ್ತೂ ಹೆರೆದೆ,
ತುದಿ ಮುರಿಯಿತು, ಮತ್ತೆ ಹೆರೆದೆ.
ಎಷ್ಟು ಚೂಪಾದರೂ ಗೆರೆಗೆ ಒಂದಷ್ಟು ಮೈ ಇದ್ದೇ ಇರುತ್ತದೆ,
ಯಾರಾದರೊಬ್ಬರು ಅದರೊಳಗೆ ಒಲೆ ಹಚ್ಚುತ್ತಲೇ ಇರುತ್ತಾರೆ.

ಗಡಿಯ ಗುರುತು: ಗೀಟು, ಚುಕ್ಕೆ, ಗೀಟು.
ನಡುವೆ ಅಷ್ಟಷ್ಟು ಖಾಲಿ.
ಒಂದು ಖಾಲಿಯನ್ನು ತುಸು ಅಗಲ ಬಿಟ್ಟೆ.

ಅತ್ತೆ ರಾಗಿ ಕೇರುವುದು ನಿಲ್ಲಿಸಿ ಬಗ್ಗಿ ನೋಡಿದಳು.
'ನಮ್ಮನೆ ಎಲ್ಲೇ?'
'ಇಲ್ಲಿ.'
'ಇಲ್ಲೇನೂ ಇಲ್ವಲ್ಲೇ!'
'ಹೂಂ. ಅದಕ್ಕೇ ಎರಡು ಅಂಕ ಹೋಯ್ತು.'